ಹನಿಯ ಸಾಕ್ಷ್ಯ

ನೀರಿನ ಹನಿ ಬೀಳುವುದನ್ನು ನೋಡಿದ್ದೇವೆ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಸೂರಿನಂಚಿನಿಂದ ಇಳಿಯುವ ಮಳೆನೀರು, ಬಿಗಿಯಾಗಿ ತಿರುಗಿಸದ ನಲ್ಲಿಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರು ಯಾರಿಗೆ ಹೊಸತು? ಆದರೆ ಹನಿಯು ನೀರನ್ನು ಮುಟ್ಟಿದ ಗಳಿಗೆಯಲ್ಲಿ ಏನಾಯಿತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಸದ್ದು ಕಿವಿಗೆ ಬಿತ್ತು, ಅಲೆಯ ಬಳೆಗಳು ಕಣ್ಣಿಗೆ ಬಿದ್ದವು. ನಡುವಿನ ಕಥೆ ಕೈತಪ್ಪಿತು. ಆ ಕಥೆಯನ್ನು ಮನೆಯಲ್ಲೇ ಕುಳಿತು ಕ್ಯಾಮರಾದಲ್ಲಿ ಹಿಡಿಯುವ ಹವ್ಯಾಸವೊಂದು ಈಚೆಗೆ ಬೆಳೆದಿದೆ. ಹವ್ಯಾಸವೇನೋ ನಿರಪಾಯವಾದದ್ದು. ಅದರಲ್ಲಿ ಅಡಗಿರುವ ನೈತಿಕ ಪ್ರಶ್ನೆ ಮಾತ್ರ ಅಷ್ಟು ಹಗುರವಾದದ್ದಲ್ಲ.

ಸೇಡಂ ತಾಲ್ಲೂಕಿನ ಆದಿತ್ಯನಗರದಲ್ಲಿ ಒಬ್ಬ ಗೃಹಸ್ಥರು ಈ ಕೆಲಸಕ್ಕೆ ಕೂತರೆಂದು ಭಾವಿಸೋಣ. ಸಿಮೆಂಟು ಕಾರ್ಖಾನೆಯನ್ನು ನೆಚ್ಚಿ ಬೆಳೆದ ಊರು ಅದು. ಇವರೂ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ದುಡಿಯುವವರೇ ಇರಲಿ. ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಅಗಲವಾದ ತಟ್ಟೆಯಿಟ್ಟು ನೀರು ತುಂಬುತ್ತಾರೆ. ಔಷಧದ ಅಂಗಡಿಯಿಂದ ತಂದ ಸಲೈನ್ ನಳಿಗೆಯನ್ನು ಅದರ ಮೇಲೆ ಒಂದಡಿ ಎತ್ತರದಲ್ಲಿ ಕಟ್ಟುತ್ತಾರೆ. ಹನಿ ಬೀಳುವ ಜಾಗದಲ್ಲಿ ಒಂದು ಪೆನ್ಸಿಲ್ ಹಿಡಿದು, ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸನ್ನು ಅದರ ಮೇಲೆ ನೆಟ್ಟು, ಬಳಿಕ ಪೆನ್ಸಿಲನ್ನು ತೆಗೆದುಬಿಡುತ್ತಾರೆ. ಕೊನೆಗೆ ದೀಪ ಆರಿಸುತ್ತಾರೆ.

ಕತ್ತಲೆ ಏಕೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿದರೆ ತಿಳಿಯುತ್ತದೆ. 30 ಸೆಂಟಿಮೀಟರ್ ಎತ್ತರದಿಂದ ಜಾರಿದ ಹನಿ ಕಾಲು ಸೆಕೆಂಡಿನಲ್ಲಿ ನೀರನ್ನು ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್. ಕ್ಯಾಮರಾದ ಕದ ಸೆಕೆಂಡಿನ 200ನೆಯ ಒಂದು ಪಾಲಿನಷ್ಟು ಹೊತ್ತು ತೆರೆದಿದ್ದರೂ ಅಷ್ಟರಲ್ಲಿ ಹನಿ 12 ಮಿಲಿಮೀಟರ್ ಓಡಿರುತ್ತದೆ. ಚಿತ್ರದಲ್ಲಿ ಹನಿಯ ಬದಲು ಒಂದು ಗೀಟು ಮೂಡುತ್ತದೆ. ಆದ್ದರಿಂದ ಕತ್ತಲೆಯಲ್ಲಿ ಕದವನ್ನು ತೆರೆದೇ ಇಟ್ಟು ಫ್ಲಾಷ್ ದೀಪವನ್ನು ಅತಿ ಕಡಿಮೆ ಶಕ್ತಿಯಲ್ಲಿ ಮಿಂಚಿಸುತ್ತಾರೆ. ಆ ಮಿಂಚಿನ ಆಯುಷ್ಯ ಸೆಕೆಂಡಿನ 20,000ದಲ್ಲಿ ಒಂದು ಪಾಲಿನಷ್ಟು. ಅಷ್ಟರಲ್ಲಿ ಹನಿ ಒಂದು ಕೂದಲಿನ ದಪ್ಪದಷ್ಟೇ ಚಲಿಸಬಲ್ಲುದು. ಹನಿಯನ್ನು ನಿಲ್ಲಿಸಿದ್ದು ಕ್ಯಾಮರಾ ಅಲ್ಲ, ಬೆಳಕು.

ಹಾಗೆ ನಿಂತ ಹನಿ ಕಾಣಿಸುವ ನೋಟ ಬೆರಗಿನದು. ನೀರು ಗುಳಿಬೀಳುತ್ತದೆ, ಗುಳಿಯ ಅಂಚು ಕಿರೀಟದಂತೆ ಎದ್ದು ತುದಿಗಳಲ್ಲಿ ಮುತ್ತು ಕಟ್ಟುತ್ತದೆ, ಗುಳಿ ಮುಚ್ಚಿಕೊಂಡಾಗ ನಡುವಿನಿಂದ ನೀರಿನ ಕಂಬ ಮೇಲೇಳುತ್ತದೆ, ಹಿಂದೆಯೇ ಬಂದ ಎರಡನೆಯ ಹನಿ ಆ ಕಂಬದ ತಲೆಗೆ ಬಡಿದರೆ ಕೊಡೆ ಬಿಚ್ಚಿಕೊಳ್ಳುತ್ತದೆ. ನೀರು ದಂಡವಾಗುತ್ತದೆಂದು ಮನೆಯವರು ಗೊಣಗಬೇಕಾಗಿಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದಿಟ್ಟುಕೊಂಡರೆ ಮುನ್ನೂರು ಹನಿಗೆ ಬೇಕಾದದ್ದು ಮೂರು ಚಮಚ ನೀರು.

ನಮ್ಮ ಗೃಹಸ್ಥರು ಮುನ್ನೂರು ಚಿತ್ರ ತೆಗೆದರೆಂದುಕೊಳ್ಳಿ. ಬಹುಪಾಲು ಚಿತ್ರಗಳಲ್ಲಿ ಹನಿ ಇನ್ನೂ ಬಂದಿರುವುದಿಲ್ಲ, ಇಲ್ಲವೇ ಬಂದು ಹೋಗಿರುತ್ತದೆ. ಉಳಿದವುಗಳಲ್ಲಿ ಕಿರೀಟ ಒಂದು ಕಡೆಗೆ ವಾಲಿದೆ, ಕಂಬ ಸೊಟ್ಟಗಿದೆ, ಮುತ್ತುಗಳು ಅಡ್ಡಾದಿಡ್ಡಿ ಸಿಡಿದಿವೆ. ಒಂದೇ ಒಂದು ಮಾತ್ರ ಅಕ್ಕಸಾಲಿಗ ಮಾಡಿಟ್ಟಂತೆ ಒಪ್ಪವಾಗಿದೆ. ಅದನ್ನು ಉಳಿಸಿಕೊಂಡು 299ನ್ನು ಅಳಿಸಿಹಾಕುತ್ತಾರೆ. ಬಂಧುಗಳಿಗೆ ಆ ಒಂದನ್ನು ಕಳಿಸಿ, ಹನಿ ಬಿದ್ದರೆ ಹೀಗಿರುತ್ತದೆ, ನೋಡಿ ಎಂದು ಬರೆಯುತ್ತಾರೆ. ಈ ಮಾತು ನಿಜವೇ?

ಇಂಗ್ಲೆಂಡಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್‌ಟನ್ ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ್ದ. 1870ರ ದಶಕದಲ್ಲಿ ಆತ ಕತ್ತಲಕೋಣೆಯಲ್ಲಿ ಹನಿ ಬೀಳಿಸಿ, ವಿದ್ಯುತ್ ಕಿಡಿಯ ಬೆಳಕಿನಲ್ಲಿ ಕ್ಷಣಮಾತ್ರ ಕಂಡದ್ದನ್ನು ಕಣ್ಣಲ್ಲಿ ಉಳಿದ ಬಿಂಬದಿಂದ ಕೈಯಾರೆ ಬರೆಯತೊಡಗಿದ. ಸುಮಾರು ಇಪ್ಪತ್ತು ವರ್ಷ ಆತ ಪ್ರಕಟಿಸಿದ ಚಿತ್ರಗಳಲ್ಲಿ ಹನಿಗಳು ಅಚ್ಚುಕಟ್ಟಾದ ಹೂಗಳಂತೆ ಎಲ್ಲ ಕಡೆಗೂ ಸಮವಾಗಿ ಅರಳಿದ್ದವು. 1894ರಲ್ಲಿ ಹನಿಯ ಛಾಯಾಚಿತ್ರ ತೆಗೆಯುವುದು ಅವನಿಗೆ ಸಾಧ್ಯವಾಯಿತು. ಛಾಯಾಚಿತ್ರದ ಹನಿಗಳು ಸೊಟ್ಟಗಿದ್ದವು! ಹಳೆಯ ಕಾಗದಗಳನ್ನು ತೆಗೆದು ನೋಡಿದರೆ, ಸೊಟ್ಟ ಹನಿಗಳನ್ನು ತಾನು ಆಗಲೂ ಕಂಡಿದ್ದ, ಬರೆದೂ ಇದ್ದ. ಆಕಸ್ಮಿಕವೆಂದು ಬದಿಗಿಟ್ಟಿದ್ದ, ಅಷ್ಟೆ. ಮನಸ್ಸಿನಲ್ಲಿ ಒಂದು ಆದರ್ಶ ಹನಿ ಕೂತಿತ್ತು. ಎದುರಿಗೆ ಬಿದ್ದ ಹನಿಗಳೆಲ್ಲ ಅದರ ಮುಂದೆ ದೋಷಯುಕ್ತವಾಗಿ ಕಂಡಿದ್ದವು. ಇದನ್ನು ಆತ ಮುಚ್ಚಿಡದೆ ಬರೆದಿಟ್ಟ.

ವರ್ದಿಂಗ್‌ಟನ್ ಸುಳ್ಳು ಹೇಳುವ ಮನುಷ್ಯನಲ್ಲ. ಅವನು ಬರೆದ ಹನಿ ಯಾವುದೂ ಕಲ್ಪಿತವಲ್ಲ ಎಂದೇ ಒಪ್ಪೋಣ. ಹಾಗಾದರೆ ಅಸತ್ಯ ಎಲ್ಲಿಂದ ಬಂತು? 'ಇದು ನಡೆಯಿತು' ಎಂಬುದು ಒಂದು ಮಾತು. 'ಇದು ಹೀಗೆ ನಡೆಯುತ್ತದೆ' ಎಂಬುದು ಬೇರೊಂದು ಮಾತು. ಒಪ್ಪವಾದ ಹನಿಯ ಚಿತ್ರ ಮೊದಲನೆಯ ಮಾತಿಗೆ ಸಾಕ್ಷಿ. ಎರಡನೆಯ ಮಾತಿಗೆ ಸಾಕ್ಷಿ ಬೇಕಾದರೆ ಮುನ್ನೂರನ್ನೂ ಕರೆಯಬೇಕು. ಒಂದನೆಯದರಿಂದ ಎರಡನೆಯದಕ್ಕೆ ಸದ್ದಿಲ್ಲದೆ ದಾಟುವಲ್ಲಿ ಅಸತ್ಯ ನುಸುಳುತ್ತದೆ.

ಆದಿತ್ಯನಗರದ ನಮ್ಮ ಗೃಹಸ್ಥರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಗಲಿನಲ್ಲಿ ಅವರು ಸಿಮೆಂಟಿನ ಗಟ್ಟಿತನ ಪರೀಕ್ಷಿಸುತ್ತಾರೆ. ಗಾರೆಯ ಘನಗಳನ್ನು ಎರಕಹೊಯ್ದು 3, 7, 28 ದಿನಗಳಾದ ಮೇಲೆ ಯಂತ್ರದಲ್ಲಿಟ್ಟು ಒಡೆಯುವವರೆಗೆ ಒತ್ತಿ ನೋಡುತ್ತಾರೆ. ಬೇಗ ಒಡೆದ ಘನವನ್ನು ಅತ್ತ ಎಸೆದು, ಗಟ್ಟಿಯಾದದ್ದನ್ನು ಮಾತ್ರ ಲೆಕ್ಕಕ್ಕೆ ಬರೆದರೆ ಎಲ್ಲೋ ಒಂದು ಊರಿನಲ್ಲಿ ಯಾರದೋ ತಲೆಯ ಮೇಲಿನ ಸೂರು ಅದಕ್ಕೆ ದಂಡ ತೆತ್ತೀತು. ಹಗಲು ಒಂದು ಘನವನ್ನೂ ಬಿಡದೆ ಎಣಿಸುವ ಅದೇ ಕೈ ರಾತ್ರಿ 299 ಹನಿಗಳನ್ನು ಅಳಿಸುತ್ತದೆ. ಒಂದೇ ಮನುಷ್ಯನಲ್ಲಿ ಎರಡು ನ್ಯಾಯವೇ?

ಕಲೆಗೆ ಆಯ್ಕೆ ಬೇಡವೇ ಎಂದು ರಸಿಕರು ಕೇಳಬಹುದು. ಖಂಡಿತ ಬೇಕು. ಆದಿತ್ಯನಗರದ ನೆರೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕಾವ್ಯದ ಗುಣ ಯಾವುದು, ದೋಷ ಯಾವುದು ಎಂದು ವಿಂಗಡಿಸುತ್ತದೆ. ಅದೇ ದೊರೆಯ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಬರೆದ. ಆರಿಸುವ ವಿದ್ಯೆಗೂ ಎಣಿಸುವ ವಿದ್ಯೆಗೂ ಒಬ್ಬನೇ ದೊರೆಯ ನೆರಳಿತ್ತು. ಒಂದು ಇನ್ನೊಂದರ ವೇಷ ಹಾಕಲಿಲ್ಲ. ಕವಿ ಆರಿಸಿದರೆ ಅದನ್ನು ಮೋಸವೆನ್ನುವವರಿಲ್ಲ. ಅವನು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದವನಲ್ಲ. ಛಾಯಾಚಿತ್ರ ಮಾತ್ರ ಪ್ರಮಾಣ ಮಾಡಿಯೇ ಹುಟ್ಟುತ್ತದೆ. ಅದನ್ನು ನಾವು ನಂಬುವುದು ಅದು ಕಂಡದ್ದನ್ನು ಹೇಳುತ್ತದೆಂದು. ಆ ನಂಬಿಕೆಯಿಂದ ಬಂದ ಗೌರವವನ್ನು ಪಡೆದು, ಅದರ ಹೊಣೆಯನ್ನು ಮಾತ್ರ ಒಲ್ಲೆ ಎನ್ನುವುದು ನ್ಯಾಯವಲ್ಲ.

ನೀರಿನ ಹನಿಗೆ ಇದರಿಂದ ನಷ್ಟವೇನೂ ಇಲ್ಲ. ನಷ್ಟ ನಮಗೆ. ಪರೀಕ್ಷೆಯ ಫಲಿತಾಂಶ ಬಂದಾಗ ಊರ ನಡುವೆ ಮೊದಲ ದರ್ಜೆಯ ನಾಲ್ಕು ಮುಖಗಳನ್ನು ಫಲಕದಲ್ಲಿ ಏರಿಸುತ್ತೇವೆ. ಆ ನಾಲ್ಕೂ ಮುಖಗಳು ನಿಜವೇ. ಆದರೆ ದಿನವೂ ಅದನ್ನೇ ನೋಡಿದ ಕಣ್ಣಿಗೆ, ಮನೆಯಲ್ಲಿ ಕೂತು ಓದುತ್ತಿರುವ ಮಗು ಒಂದು ಕುಂದಾಗಿ ಕಾಣತೊಡಗುತ್ತದೆ. ವರ್ದಿಂಗ್‌ಟನ್ನಿಗೆ ಸೊಟ್ಟ ಹನಿ ಕಂಡದ್ದೂ ಹೀಗೆಯೇ.

ಸೊಟ್ಟ ಹನಿ ಪ್ರಕೃತಿಯ ನಿಯಮಕ್ಕೆ ಹೊರತಾದದ್ದಲ್ಲ. ನಳಿಗೆಯ ಬಾಯಿಂದ ಕಳಚಿಕೊಳ್ಳುವಾಗ ಹನಿ ನಡುಗುತ್ತದೆ. ನಡುಗುತ್ತಲೇ ಇಳಿದು, ಚಪ್ಪಟೆಯಾಗಿಯೋ ನೀಳವಾಗಿಯೋ ನೀರನ್ನು ಮುಟ್ಟುತ್ತದೆ. ತಟ್ಟೆಯ ನೀರಿನಲ್ಲಿ ಹಿಂದಿನ ಹನಿಯ ಅಲೆ ಇನ್ನೂ ಅಡಗಿರುವುದಿಲ್ಲ. ಒಪ್ಪವಾದ ಹನಿಯನ್ನು ಎತ್ತಿದ ನಿಯಮವೇ ಇದನ್ನೂ ವಾಲಿಸಿತು. ಅದರ ಓರೆಯಲ್ಲಿ ಅದರ ಪ್ರಯಾಣದ ಚರಿತ್ರೆ ಇದೆ. ಓದಬಲ್ಲವರಿಗೆ ಅದು ಒಪ್ಪವಾದ ಹನಿಗಿಂತ ಹೆಚ್ಚು ಹೇಳುತ್ತದೆ.

ಆದ್ದರಿಂದ ಹವ್ಯಾಸಿಗಳು ಸುಂದರವಾದದ್ದನ್ನು ಆರಿಸಲಿ, ಚೌಕಟ್ಟು ಹಾಕಿ ಗೋಡೆಗೆ ತೂಗಹಾಕಲಿ. ಅದರ ಕೆಳಗೆ 'ಮುನ್ನೂರರಲ್ಲಿ ಒಂದು' ಎಂದು ಬರೆದರೆ ಚಿತ್ರದ ಚೆಲುವಿಗೆ ಕುಂದು ಬರಲಾರದು. ನೋಡುವವನಿಗೆ ಉಳಿದವುಗಳ ನೆನಪೂ ಬಂದೀತು. ಉಳಿದವನ್ನು ಅಳಿಸುವ ಮುನ್ನ ಒಂದು ಸಲ ನಿಧಾನವಾಗಿ ನೋಡುವ ವ್ಯವಧಾನವೂ ಅವರಿಗೆ ಇರಲಿ.