ಗಿಡಮೂಲಿಕೆ ಮತ್ತು ನಮ್ಮ ಹೊಣೆ

ಜೇನಿನಲ್ಲಿ ಮನುಷ್ಯರಿಗೆ ಶಮನವಿದೆಯೆಂದು ಕುರ್‌ಆನ್ ತಿಳಿಸುತ್ತದೆ. ಕರಿಜೀರಿಗೆಯ ಗುಣವನ್ನು ಪ್ರವಾದಿವರ್ಯರು(ಸ) ಹೊಗಳಿದ್ದಾರೆ. ಗಿಡ, ಬೇರು, ಬೀಜಗಳೆಲ್ಲ ಅಲ್ಲಾಹನ ಅನುಗ್ರಹಗಳೆಂಬುದರಲ್ಲಿ ಸತ್ಯವಿಶ್ವಾಸಿಗೆ ಸಂಶಯವಿಲ್ಲ. ಆದರೆ ಈ ವಿಶ್ವಾಸದ ಜೊತೆಗೆ ನಾವು ಇನ್ನೊಂದು ಮಾತನ್ನೂ ಸೇರಿಸಿಕೊಂಡಿದ್ದೇವೆ: 'ಗಿಡಮೂಲಿಕೆಯದ್ದಾದರೆ ಅಡ್ಡಪರಿಣಾಮವಿಲ್ಲ.' ಇದನ್ನು ಕುರ್‌ಆನ್ ಹೇಳಿಲ್ಲ, ಹದೀಸ್ ಹೇಳಿಲ್ಲ. ದೊಡ್ಡಪತ್ರೆಯನ್ನು ಮೊಳೆಸಿದವನೇ ಉಮ್ಮತ್ತಿಯನ್ನೂ ಮೊಳೆಸಿದ್ದಾನೆ. ಎರಡನ್ನೂ ಬೇರ್ಪಡಿಸಿ ನೋಡಲೆಂದೇ ನಮಗೆ ಬುದ್ಧಿಯನ್ನು ಕೊಟ್ಟಿದ್ದಾನೆ.

ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ನಡೆದುದನ್ನು ನೋಡಿ. 1990ರ ದಶಕದ ಆರಂಭದಲ್ಲಿ, ತೂಕ ಇಳಿಸಲೆಂದು ಚೀನೀ ಮೂಲಿಕೆಗಳ ಪುಡಿ ಬೆರೆಸಿದ ಗುಳಿಗೆ ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಹೀಗೆ ತೊಂದರೆಗೊಳಗಾದವರ ಸಂಖ್ಯೆ 100 ದಾಟಿತು. ಕಾರಣವೇನು? ಒಂದು ಬೇರಿನ ಬದಲು, ಹೆಸರಿನಲ್ಲಿ ಅದನ್ನು ಹೋಲುವ ಅರಿಸ್ಟೊಲೋಕಿಯಾ ಬಳ್ಳಿಯ ಬೇರು ಗುಳಿಗೆಯಲ್ಲಿ ಸೇರಿತ್ತು. ಅದರಲ್ಲಿರುವ ಆಮ್ಲವು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಕ್ಯಾನ್ಸರನ್ನೂ ತರುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನದಂತೆ, ಹೀಗೆ ಮೂತ್ರಪಿಂಡ ಕಳೆದುಕೊಂಡು ಪರೀಕ್ಷೆಗೊಳಗಾದ 39 ಮಂದಿಯಲ್ಲಿ 18 ಮಂದಿಗೆ ಮೂತ್ರಮಾರ್ಗದ ಕ್ಯಾನ್ಸರ್ ಕಂಡುಬಂದಿತು. ನಮ್ಮ ನಾಡಿನ ಈಶ್ವರಿ ಬಳ್ಳಿಯೂ ಇದೇ ಕುಲದ ಸಸ್ಯ!

ದುರುದ್ದೇಶವಿಲ್ಲದೆಯೂ ಇಷ್ಟು ದೊಡ್ಡ ಹಾನಿಯಾಗಬಹುದು. ಹಾಗಾದರೆ 'ಒಳ್ಳೆಯ ಉದ್ದೇಶದಿಂದ ಕೊಟ್ಟೆ' ಎಂದರೆ ಸಾಕೇ? ವೈದ್ಯವಿದ್ಯೆ ಬಲ್ಲವನೆಂದು ಗುರುತಿಸಲ್ಪಡದವನು ಚಿಕಿತ್ಸೆ ನೀಡಿದರೆ ಅದರ ಹಾನಿಗೆ ಅವನೇ ಹೊಣೆಗಾರನೆಂಬ ಆಶಯದ ಹದೀಸ್ ಅಬೂದಾವೂದ್‌ನಲ್ಲಿದೆ. ಉದ್ದೇಶಕ್ಕೆ ಪ್ರತಿಫಲ ಅಲ್ಲಾಹನ ಬಳಿಯಿದೆ. ಆದರೆ ಅರಿಯದ ಕೆಲಸಕ್ಕೆ ಕೈಹಾಕಿದ ಹೊಣೆ ಅದರಿಂದ ತಪ್ಪುವುದಿಲ್ಲ.

ಈ ಹೊಣೆ ಮಾರುವವನದು ಮಾತ್ರವಲ್ಲ. ನೆರೆಯವರಿಗೆ, ಗರ್ಭಿಣಿ ಸೊಸೆಗೆ, ಸಕ್ಕರೆ ಕಾಯಿಲೆಯ ತಂದೆಗೆ 'ಇದನ್ನು ಕುಡಿಯಿರಿ, ಏನೂ ಆಗದು' ಎನ್ನುವ ನಮ್ಮದೂ ಹೌದು. ಇನ್ನು, ಏನೇನೋ ಬೆರೆಸಿದ ಪುಡಿಗೆ 'ತಿಬ್ಬುನ್ನಬವಿ' ಎಂಬ ಚೀಟಿ ಅಂಟಿಸಿ ಮಾರುವವನ ಸ್ಥಿತಿಯೇನು? ಮೇಲೆ ಒಣಗಿದ, ಒಳಗೆ ಒದ್ದೆಯಾದ ಧಾನ್ಯರಾಶಿಯೊಳಗೆ ಕೈಹಾಕಿ ನೋಡಿ ಮೋಸವನ್ನು ಖಂಡಿಸಿದ ಪ್ರವಾದಿಯವರ(ಸ) ಹೆಸರಿನಲ್ಲೇ ಈ ಮೋಸ!

ಆದ್ದರಿಂದ ಓದುಗರೇ, ಗಿಡಮೂಲಿಕೆಯನ್ನು ತೊರೆಯಬೇಕಾಗಿಲ್ಲ, ವಿಚಾರಿಸಬೇಕು. ಡಬ್ಬಿಯಲ್ಲಿ ಏನೇನಿದೆಯೆಂದು ಬರೆದಿದೆಯೇ? ತಯಾರಕರಿಗೆ ಪರವಾನಗಿಯಿದೆಯೇ? ಈಗಾಗಲೇ ತೆಗೆದುಕೊಳ್ಳುತ್ತಿರುವ ಮದ್ದಿನೊಂದಿಗೆ ಇದು ಹೊಂದುತ್ತದೆಯೇ? ಏನು ಸೇವಿಸುತ್ತಿದ್ದೀರೆಂದು ವೈದ್ಯರಿಂದ ಮುಚ್ಚಿಡಬೇಡಿ. ಶರೀರವು ಅಲ್ಲಾಹನು ನಮ್ಮಲ್ಲಿಟ್ಟ ಅಮಾನತ್. ಇನ್ನೊಬ್ಬರ ಶರೀರವಂತೂ ಇನ್ನೂ ದೊಡ್ಡ ಅಮಾನತ್. ಅರಿವಿಲ್ಲದುದರ ಹಿಂದೆ ಹೋದ ಕಿವಿ, ಕಣ್ಣು, ಹೃದಯಗಳೆಲ್ಲವೂ ನಾಳೆ ವಿಚಾರಣೆಗೊಳಗಾಗಲಿವೆ ಎಂಬುದನ್ನು ಮರೆಯದಿರೋಣ.