ಹತ್ತು ದಿನದ ವಿದ್ಯೆ

ಮುಡಬಿಯ ತರುಣನೊಬ್ಬನು ಚಿತ್ರನಿರ್ಮಾಣದ ಹತ್ತು ದಿನಗಳ ಶಿಬಿರಕ್ಕಾಗಿ ಬೆಂಗಳೂರಿಗೆ ಹೋಗಬಯಸಿದನೆನ್ನೋಣ. ಶುಲ್ಕ, ರೈಲಿನ ವೆಚ್ಚ, ಊಟ ವಸತಿಗಳೆಲ್ಲ ಸೇರಿ, ತೊಗರಿ ಮಾರಿ ಬಂದ ಹಣದಲ್ಲಿ ದೊಡ್ಡದೊಂದು ಪಾಲು ಕರಗುವುದು. ಆ ಹಣವು ಅವನೊಬ್ಬನದಲ್ಲ. ತಂಗಿಯ ಓದೂ ತಾಯಿಯ ಔಷಧವೂ ಅದರಿಂದಲೇ ಸಾಗಬೇಕು. ಆದುದರಿಂದ ಇಂತಹ ಶಿಬಿರಗಳಿಂದ ಪ್ರಯೋಜನವುಂಟೋ ಇಲ್ಲವೋ ಎಂಬುದು ಕಲೆಯ ಪ್ರಶ್ನೆ ಮಾತ್ರವಲ್ಲ, ಧರ್ಮದ ಪ್ರಶ್ನೆಯೂ ಅಹುದು.

ಹತ್ತು ದಿನಗಳಲ್ಲಿ ವಿದ್ಯೆ ಕೈಗೂಡುವುದುಂಟೆ ಎಂದು ಹಿರಿಯರು ನಗುವರು. ಆದರೆ ಭಾರತೀಯ ಚಲಚ್ಚಿತ್ರದ ಮೂಲಪುರುಷರೆನಿಸಿದ ದಾದಾಸಾಹೇಬ ಫಾಲ್ಕೆಯವರ ಚರಿತ್ರೆಯು ಈ ನಗೆಗೆ ಅಡ್ಡಬರುತ್ತದೆ. 1912ರಲ್ಲಿ ಅವರು ತಮ್ಮ ಜೀವವಿಮೆಯನ್ನು ಒತ್ತೆಯಿಟ್ಟು ಲಂಡನ್ನಿಗೆ ಹೋದರು. ಸೆಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಚಿತ್ರಶಾಲೆಯಲ್ಲಿ ಕೆಲವೇ ದಿನ ಕೆಲಸವನ್ನು ಕಂಡು ಕಲಿತು, ವಿಲಿಯಮ್ಸನ್ ಕ್ಯಾಮೆರಾ ಒಂದನ್ನು ಕೊಂಡು ಮರಳಿದರು. ಮರುವರುಷ ಮೇ ತಿಂಗಳಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಯ ಮೇಲೆ ಬಂದಿತು.

ಇದನ್ನು ಕೇಳಿ ಶಿಬಿರ ನಡೆಸುವವರು ಉಬ್ಬಬೇಕಾದುದಿಲ್ಲ. ಹಡಗು ಹತ್ತುವಾಗ ಫಾಲ್ಕೆಯವರಿಗೆ ನಾಲ್ವತ್ತು ದಾಟಿತ್ತು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಛಾಯಾಗ್ರಹಣ ಮುದ್ರಣಗಳಲ್ಲಿ ಕೈ ಪಳಗಿಸಿ, ಇಂದ್ರಜಾಲವನ್ನೂ ಕಲಿತವರು ಅವರು. ಲಂಡನ್ನು ಕೊಟ್ಟುದು ಕೊನೆಯದೊಂದು ಕೀಲು. ಯಂತ್ರದ ಉಳಿದ ಭಾಗಗಳೆಲ್ಲ ಅವರೊಡನೆಯೇ ಹೋಗಿದ್ದುವು. ಇನ್ನೊಂದು ಮಾತು. ಒಡವೆಗಳನ್ನು ಬಿಟ್ಟುಕೊಟ್ಟ ಪತ್ನಿ ಸರಸ್ವತೀಬಾಯಿಯವರು ಫಿಲ್ಮಿಗೆ ರಂಧ್ರ ಹಾಕುವ, ಅದನ್ನು ರಾಸಾಯನಿಕಗಳಲ್ಲಿ ಸಂಸ್ಕರಿಸುವ ಕೆಲಸವನ್ನೂ ಕಲಿತು ಮಾಡಿದರು. ಮನೆಯ ಹಣ ತೆಗೆದವರು ಮನೆಯವರನ್ನು ಕೆಲಸದಲ್ಲಿಯೂ ಪಾಲುಗಾರರನ್ನಾಗಿ ಮಾಡಿಕೊಂಡರೆಂಬುದನ್ನು, ‘ನನ್ನ ಕಲೆ’ ಎಂದು ಎದೆ ತಟ್ಟಿಕೊಳ್ಳುವ ನಮ್ಮ ತರುಣರು ಗಮನಿಸಬೇಕು.

ಶಿಬಿರಗಳು ಪೂರ್ಣವಾಗಿ ಸಾರ್ಥಕವಾಗುವ ಇನ್ನೊಂದು ಬಗೆಯೂ ಉಂಟು. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಮುಂದೆ ಪುಣೆಯ ಸತೀಶ ಬಹಾದೂರರು ಅಲ್ಲಿಯ ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ಅಲ್ಲಿ ಕಲಿಸಿದುದು ಚಿತ್ರವನ್ನು ನೋಡುವ ಬಗೆಯನ್ನು, ತೆಗೆಯುವ ಬಗೆಯನ್ನಲ್ಲ. ನೋಡುವ ಕಣ್ಣು ಅಲ್ಪಕಾಲದಲ್ಲಿಯೂ ತೆರೆಯಬಹುದು; ಮಾಡುವ ಕೈಗೆ ಮಾತ್ರ ವರುಷಗಳು ಬೇಕು. ಕೈಯ ವಿದ್ಯೆಯನ್ನು ಹತ್ತು ದಿನಕ್ಕೆ ಮಾರಿ, ಕೊನೆಗೊಂದು ಪ್ರಮಾಣಪತ್ರ ಕೊಟ್ಟು, ಉದ್ಯೋಗದ ಆಸೆ ಹಚ್ಚಿ ಕಳುಹಿಸುವುದನ್ನು ನಾನು ವಂಚನೆಯೆಂದೇ ಕರೆಯುವೆನು. ಅಲ್ಲಿ ಒಡನಾಡಿಗಳು ದೊರೆಯುವರಲ್ಲವೆ ಎಂಬರು. ದೊರೆಯಬಹುದು, ಬೀದರ ಸೀಮೆಯಲ್ಲಿ ಒಂಟಿಯಾಗಿ ಹಂಬಲಿಸುವವನಿಗೆ ಅದು ಸಣ್ಣ ಲಾಭವಲ್ಲ. ಆದರೆ ಅದಕ್ಕಾಗಿ ತಾಯಿಯ ಔಷಧದ ಹಣ ಹೋಗಬೇಕೆ?

ಲಂಡನ್ನಿನಿಂದ ಬಂದ ಫಾಲ್ಕೆಯವರು ಕೂಡಲೇ ಹರಿಶ್ಚಂದ್ರನ ಕಥೆಗೆ ಕೈಹಾಕಲಿಲ್ಲ. ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಬೆಳೆಯುವುದನ್ನು ಒಂದೊಂದೇ ಚಿತ್ರವಾಗಿ ಹಿಡಿದು, ಆ ಪುಟ್ಟ ತುಣುಕನ್ನು ತೋರಿಸಿ ಹಣ ಕೊಡುವವರನ್ನು ಒಪ್ಪಿಸಿದರು. ನಮ್ಮ ತರುಣನ ಕೈಯಲ್ಲಿ ಮೊಬೈಲು ಇದೆ, ಹೊಲದಲ್ಲಿ ತೊಗರಿ ಇದೆ. ಹೂ ಬಿಟ್ಟು ಕಾಯಾಗುವ ತನಕ ಅವನು ನಿತ್ಯವೂ ಹೋಗಿ ಚಿತ್ರ ಹಿಡಿದು ತರಲಿ. ಮನೆಯವರೆಲ್ಲ ಕುಳಿತು ನೋಡಲಿ. ಶುಲ್ಕದ ಮಾತನ್ನು ಅಂದು ಸಂಜೆ ಆಡಬಹುದು.