ಉಳಿ ಮಸೆಯುವ ಹೊತ್ತು
ಧಾರವಾಡ ಜಿಲ್ಲೆಯ ಶಲವಡಿಯ ಸುತ್ತಲಿನದು ಎರೆಭೂಮಿ. ಹದ ಬಂದಾಗ ಬಿತ್ತಬೇಕು. ಹದವು ಯಾರಿಗಾಗಿಯೂ ಕಾಯದು. ಆ ಅವಸರದಲ್ಲಿ ಕಟ್ಟಿಗೆಯ ಕೂರಿಗೆಯನ್ನು ಮಾಡಿಸಬಂದ ರೈತನು, ಬಡಿಗನು ಮಸೆಗಲ್ಲಿನ ಮುಂದೆ ಕುಳಿತುದನ್ನು ಕಂಡು ಬೇಸರಪಡುವುದು ಸಹಜ. ಉಳಿ ಮಸೆಯುವ ಹೊತ್ತು ಕಾಯಕದ ಹೊತ್ತೇ, ಅಲ್ಲವೇ?

ಕೂರಿಗೆಯ ದಿಂಡಿಗೆ ತೂತು ಕೊರೆದು ತಾಳುಗಳನ್ನು ಕೂಡ್ರಿಸಬೇಕು. ಜಾಲಿಯಂಥ ಗಟ್ಟಿ ಕಟ್ಟಿಗೆಗೆ ಉಳಿಯ ಓರೆ ಸುಮಾರು 30 ಡಿಗ್ರಿ ಇರಬೇಕು, ಬೆನ್ನು ಸಮವಾಗಿರಬೇಕು. ಓರೆ ತೀರ ತೆಳುವಾದರೆ ಬಾಯಿ ಮುಕ್ಕಾಗುವುದು. ಮೊಂಡಾದರೆ ಉಳಿಯು ಕಟ್ಟಿಗೆಯ ಎಳೆಯನ್ನು ಕೊಯ್ಯದೆ ಜಜ್ಜುವುದು. ಜಜ್ಜಿದ ತೂತಿನಲ್ಲಿ ತಾಳು ಬಿಗಿಯಾಗಿ ನಿಲ್ಲದು. ಬೆಣೆ ಬಡಿದು ಲೋಪವನ್ನು ಮುಚ್ಚಬಹುದು; ಮೇಲೆ ನೋಡುವವರಿಗೆ ಎರಡೂ ಒಂದೇ. ಆದರೆ ಹೊಲದ ನಡುವೆ ತಾಳು ಅಲುಗಿದರೆ ಸಾಲು ಕೆಡುವುದು. ದಂಡ ತೆರುವವನು ಬಿತ್ತುವವನು.

12ನೆಯ ಶತಮಾನದ ಬಾಚಿಕಾಯಕದ ಬಸವಪ್ಪನು ಬಡಿಗತನವನ್ನು ಬಿಡದೆಯೇ ಶರಣನಾದನು. ಜನರ ಕಣ್ಣಿಗೆ ಮರೆಯಾದ ಸಂದು ಲಿಂಗಕ್ಕೆ ಮರೆಯಲ್ಲವೆಂಬ ಅರಿವು ತಪ್ಪಿದರೆ ಕಾಯಕವು ಬರಿಯ ಕೂಲಿಯಾಗುವುದು.

ಆದರೆ ದೋಷವು ಬಡಿಗನೊಬ್ಬನದಲ್ಲ. ಮಸೆಯುವ ಹೊತ್ತಿಗೆ ಕೂಲಿ ಕೊಡಲೊಲ್ಲದೆ ಅವಸರಪಡಿಸುವ ನಾವೇ ಅವನನ್ನು ಬೆಣೆಯ ಕಪಟಕ್ಕೆ ನೂಕುತ್ತೇವೆ. ಆ ಕಪಟದಲ್ಲಿ ನಮಗೂ ಪಾಲುಂಟು.

ಇನ್ನೊಂದು ಮಾತು. ಮಸೆದ ಉಳಿಯನ್ನು ಗೂಡಿನಲ್ಲಿಟ್ಟರೂ ಕಾಯಕವಾಗದು. ನಿತ್ಯ ವಚನಗಳನ್ನೋದುವುದು ಮನಸ್ಸನ್ನು ಮಸೆಯುವುದಷ್ಟೆ. ದುಡಿದವನಿಗೆ ಕೂಲಿ ಎಣಿಸಿ ಕೊಡುವಾಗ ಅದರ ಹರಿತ ತಿಳಿಯುವುದು. ಸದ್ಭಕ್ತರು ಮೊದಲು ಅಲ್ಲಿ ತಮ್ಮನ್ನು ಪರೀಕ್ಷಿಸಿಕೊಳ್ಳಲಿ.